ಎಂಟು ತಿಂಗಳ ಪುಟ್ಟಿ ಜೊತೆ ಮೈಸೂರಲ್ಲಿ ಆನಿವರ್ಸರಿ: ನನ್ನ ಅನುಭವ

"ಒಂದು ವರ್ಷ ತುಂಬೋವರೆಗೂ ಮಗು ಕಟ್ಕೊಂಡು ಎಲ್ಲೂ ಹೋಗ್ಬೇಡಿ" ಅಂತ ಹೇಳದವರೇ ಇಲ್ಲ. ಅತ್ತೆ ಹೇಳಿದರು. ನಾದಿನಿ ಫೋನ್ ಮಾಡಿ ಹೇಳಿದಳು. ಇವರ ಆಫೀಸಿನವರು "ಮಗುನ ಅಜ್ಜಿ ಹತ್ರ ಬಿಟ್ಟು ಇಬ್ಬರೇ ಹೋಗಿ ಬನ್ನಿ" ಅಂದರಂತೆ. ಎದೆಹಾಲು ಕುಡಿಯೋ ಮಗುನ ಬಿಟ್ಟು ಹೋಗೋ ಮಾತೇ ಇರಲಿಲ್ಲ. ಹಾಗಂತ ಮನೆಯಲ್ಲೇ ಕೂತು ಕೇಕ್ ಕತ್ತರಿಸೋಕೂ ನನಗೆ ಮನಸ್ಸಿರಲಿಲ್ಲ. ಹೆರಿಗೆ ಆದಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಒಂದು ಊಟ ಮುಗಿಸಿರಲಿಲ್ಲ. ಒಬ್ಬರು ಎತ್ತಿಕೊಂಡರೆ ಇನ್ನೊಬ್ಬರು ತಿನ್ನಬೇಕು. ಆ ದಿನವಾದರೂ ಹಾಗಾಗಬಾರದು ಅಂತ ಇತ್ತು.

ಹೋಗಿ ಬಂದೆವು. ಬೆಂಗಳೂರಿಂದ ಮೈಸೂರಿಗೆ, ಶನಿವಾರ ಬೆಳಗ್ಗೆ ಹೊರಟು ಸೋಮವಾರ ಸಂಜೆಗೆ ಮನೆ. ಪುಟ್ಟಿಗೆ ಆಗ ಎಂಟು ತಿಂಗಳು ದಾಟಿತ್ತು. ಚೆನ್ನಾಗಿ ಮಲಗಿದಳು, ಚೆನ್ನಾಗಿ ತಿಂದಳು. ನಾವಿಬ್ಬರೂ ಮಾತಾಡಿದೆವು, ಅದೂ ಗಂಟೆಗಟ್ಟಲೆ. ಬೇಡ ಅಂದಿದ್ದ ನಾದಿನಿಯೇ ಈಗ "ಅತ್ತಿಗೆ, ಹೇಗೆ ಮಾಡಿದ್ರಿ?" ಅಂತ ಕೇಳ್ತಿದ್ದಾಳೆ. ಅವಳಿಗೂ, ಅವಳಂಥವರಿಗೂ ಅಂತ ಬರೀತಿದ್ದೇನೆ.

ಇದಕ್ಕೆ ಮುಂಚೆ ಆಗದೇ ಹೋದವುಗಳ ಬಗ್ಗೆ ಮೊದಲು ಹೇಳ್ತೀನಿ. ದುಡ್ಡು ಹೋಗಿದ್ದು ಅಲ್ಲೇ.

ಕಾರು. 2023ರಲ್ಲಿ ಹೊಸ ಹೈವೇ ಉದ್ಘಾಟನೆ ಆದಮೇಲೆ ಮೈಸೂರು ಅಂದರೆ ಎಲ್ಲರೂ ಕಾರು ಅಂತಾರೆ. ದೊಡ್ಡವರಿಗೆ ಅದು ಸರಿ. ಆದರೆ ಆ ರಸ್ತೆಯಲ್ಲಿ ಎಲ್ಲಿ ಬೇಕಾದರಲ್ಲಿ ಪಕ್ಕಕ್ಕೆ ಇಳಿಯೋಕೆ ಆಗಲ್ಲ. ಮಗು ಅತ್ತರೆ ನಿಲ್ಲಿಸೋಕೆ ಜಾಗ ಬೇಕು ಅಲ್ವಾ? ಇಳಿಯೋ ದಾರಿ ಬರೋವರೆಗೂ ಅವಳು ಅಳ್ತಾನೇ ಇರಬೇಕು. ಮಗುವಿನ ಸೀಟಿಂದ ಎತ್ತಿ ಮಡಿಲಲ್ಲಿ ಕೂರಿಸಿಕೊಳ್ಳೋದಕ್ಕೆ ನಾನು ಒಪ್ಪಲ್ಲ, ಓಡೋ ಕಾರಲ್ಲಿ ಅದು ಆಗದ ಮಾತು. ಬಿಡದಿ ದಾಟೋ ಹೊತ್ತಿಗೆ ಶುರುವಾದ ಅಳು ರಾಮನಗರದಲ್ಲಿ ಇಳಿದು ಹಾಲು ಕುಡಿಸಿದರೂ ನಿಲ್ಲಲಿಲ್ಲ. ಅಲ್ಲಿಂದಲೇ ವಾಪಸ್. ಬಾಡಿಗೆ ಕಾರಿಗೆ ಎರಡೂವರೆ ಸಾವಿರ ಕೊಟ್ಟ ನೆನಪು.

ರೆಸಾರ್ಟ್. ಊರ ಹೊರಗೆ, ಹಸಿರು, ಈಜುಕೊಳ, ಫೋಟೋದಲ್ಲಿ ತುಂಬಾ ಚೆನ್ನಾಗಿತ್ತು. ಏಳು ಸಾವಿರ ಮುಂಗಡ ಕೊಟ್ಟಿದ್ದೆವು. ಬಿಸಿನೀರು ಬೆಳಗ್ಗೆ ಒಂದೂವರೆ ಗಂಟೆ ಮಾತ್ರ. ರಾತ್ರಿ ಊಟ ಎಂಟೂವರೆ ಮೇಲೆ. ರೂಮು ಒಂದೇ, ಬಾಲ್ಕನಿ ಇಲ್ಲ. ಎಂಟು ಗಂಟೆಗೆ ಅವಳು ಮಲಗಿದಮೇಲೆ ನಾವಿಬ್ಬರೂ ಕತ್ತಲಲ್ಲಿ ಮಂಚದ ಎರಡು ಮೂಲೆಯಲ್ಲಿ ಫೋನ್ ನೋಡ್ತಾ ಕೂತಿದ್ದೆವು. ಪಿಸುಮಾತಿಗೂ ಅವಳು ಮಿಸುಕಾಡ್ತಿದ್ದಳು. ಮಾರನೇ ದಿನ ತಿಂಡಿ ಮುಗಿಸಿ ಹೊರಟೇಬಿಟ್ಟೆವು. ಉಳಿದ ರಾತ್ರಿಯ ದುಡ್ಡು ವಾಪಸ್ ಬರಲಿಲ್ಲ.

ಇವೆರಡೂ ಆದಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಎಷ್ಟೊತ್ತಿಗೆ ಎದ್ದಳು, ಎಷ್ಟೊತ್ತಿಗೆ ಕಣ್ಣುಜ್ಜಿದಳು, ಯಾವಾಗ ರಾಗಿ ಸರಿ ತಿಂದಳು, ಯಾವಾಗ ರಗಳೆ ಮಾಡಿದಳು. ಒಂದೆರಡು ವಾರದಲ್ಲೇ ಗೊತ್ತಾಯಿತು. ಹೊಸ ಜಾಗ ಅಂದರೆ ಅವಳಿಗೆ ಖುಷಿಯೇ. ಹೊತ್ತು ಹೆಚ್ಚುಕಮ್ಮಿ ಆದರೆ ಮಾತ್ರ ಅಳು. ಹಾಗಾದರೆ ಊರು ನೋಡೋಕೆ ಅಂತ ಪ್ಲಾನ್ ಹಾಕಬಾರದು, ಅವಳ ನಿದ್ದೆ ಇಟ್ಟುಕೊಂಡು ಪ್ಲಾನ್ ಹಾಕಬೇಕು. ಮನೆಯ ದಿನಚರಿ ಹಾಗೇ ಮೈಸೂರಿಗೆ ಎತ್ತಿಕೊಂಡು ಹೋಗಬೇಕು. ನಾನು ಮಾಡಿದ್ದೆಲ್ಲ ಇಷ್ಟೇ. ಆದರೆ ಅದಕ್ಕೆ ಮುಂಚಿನಿಂದಲೇ ತಯಾರಿ ಬೇಕು.

ಮೊದಲು ಟ್ರೈನ್. ಚೆನ್ನೈ ಕಡೆಯಿಂದ ಬಂದು ಹತ್ತು ಗಂಟೆ ಮೇಲೆ ಬೆಂಗಳೂರು ಬಿಟ್ಟು ಮೈಸೂರಿಗೆ ಹೋಗೋ ಹಗಲು ಗಾಡಿಗಳಿವೆ. ಎಸಿ ಚೇರ್ ಕಾರು, ಎರಡು ಗಂಟೆ ಚಿಲ್ಲರೆ ಪ್ರಯಾಣ. ಪುಟ್ಟಿಯ ಬೆಳಗಿನ ನಿದ್ದೆ ಮನೆಯಲ್ಲಿ ಒಂಬತ್ತೂವರೆಗೆ. ಅದನ್ನು ಹತ್ತೂವರೆಗೆ ತಳ್ಳಬೇಕಿತ್ತು. ಎರಡು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಜರುಗಿಸುತ್ತಾ ಬಂದೆ. ಒಂದೇ ಸಲ ಒಂದು ಗಂಟೆ ಜರುಗಿಸೋಕೆ ಹೋದರೆ ರಾತ್ರಿ ನಿದ್ದೆಯೂ ಕೆಡುತ್ತದೆ. ಕಾಲು ಗಂಟೆ ಅಂದರೆ ಅವಳಿಗೆ ಗೊತ್ತೇ ಆಗಲಿಲ್ಲ. ಹೊರಡೋ ದಿನ ಮೆಜೆಸ್ಟಿಕ್‌ನ ರೈಲ್ವೆ ಸ್ಟೇಷನ್‌ನಲ್ಲಿ ಕಣ್ಣರಳಿಸಿಕೊಂಡು ಕೂಲಿಯವರನ್ನು ನೋಡ್ತಿದ್ದವಳು, ಗಾಡಿ ಕೆಂಗೇರಿ ದಾಟೋ ಹೊತ್ತಿಗೆ ಹಾಲು ಕುಡೀತಾ ಕುಡೀತಾ ಮಲಗಿಬಿಟ್ಟಳು. ಮಂಡ್ಯದವರೆಗೂ ಒಂದೇ ನಿದ್ದೆ.

ಸೀಟಿನ ವಿಷಯ. ಐದು ವರ್ಷದೊಳಗಿನ ಮಕ್ಕಳಿಗೆ ರೈಲಲ್ಲಿ ಟಿಕೆಟ್ ಬೇಡ, ಆದರೆ ಬೇರೆ ಸೀಟು ಸಿಗಲ್ಲ. ಬೇಕು ಅಂದರೆ ಪೂರ್ತಿ ದುಡ್ಡು ಕೊಟ್ಟು ಸೀಟು ತಗೋಬಹುದು. ನಾನು ತಗೊಂಡೆ. ಇವರು "ಸುಮ್ನೆ ಯಾಕೆ?" ಅಂದರು. ಚೇರ್ ಕಾರಲ್ಲಿ ಒಂದು ಕಡೆ ಮೂರು ಸೀಟಿನ ಸಾಲು. ಮೂರೂ ನಮ್ಮದೇ ಆದರೆ ಪಕ್ಕದಲ್ಲಿ ಅಪರಿಚಿತರು ಕೂರಲ್ಲ. ಕಿಟಕಿ ಕಡೆ ನಾನು, ದಾರಿ ಕಡೆ ಇವರು, ನಡುವೆ ಬ್ಯಾಗು. ಯಾರ ಕಣ್ಣಿಗೂ ಬೀಳದೆ ಆರಾಮಾಗಿ ಹಾಲು ಕುಡಿಸಬಹುದು. ಆ ಒಂದು ಸೀಟಿಗೆ ಕೊಟ್ಟ ಐನೂರು ಚಿಲ್ಲರೆ ರೂಪಾಯಿ ಇಡೀ ಪ್ರವಾಸದಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಒಳ್ಳೆ ದುಡ್ಡು. ಎಸಿ ತುಂಬಾ ತಣ್ಣಗಿರುತ್ತದೆ. ಕುಲಾವಿ, ಕಾಲುಚೀಲ ಕೈಗೆ ಸಿಗೋ ಹಾಗೆ ಇಟ್ಟುಕೊಳ್ಳಿ, ಮೇಲಿನ ಬ್ಯಾಗಲ್ಲಿ ಅಲ್ಲ.

ಪಾಂಡವಪುರ ದಾಟಿದಮೇಲೆ ಎದ್ದಳು. ಶ್ರೀರಂಗಪಟ್ಟಣದಲ್ಲಿ ಗಾಡಿ ಕಾವೇರಿ ಮೇಲೆ ಹೋಗುವಾಗ ಸೇತುವೆಯ ಸದ್ದು ಬದಲಾಯಿತಲ್ಲ, ಆಗ ಕಿಟಕಿಗೆ ಎರಡೂ ಅಂಗೈ ಒತ್ತಿ "ಊ" ಅಂದಳು. ಶ್ರೀರಂಗಪಟ್ಟಣ ದ್ವೀಪ, ಹಾಗಾಗಿ ನದಿ ಎರಡು ಸಲ ಸಿಗುತ್ತದೆ. ಎರಡನೇ ಸಲವೂ "ಊ". ಗಾಜಿನ ಮೇಲೆ ಅವಳ ಎಂಜಲು ಕೈಗಳ ಗುರುತು. ಇವರು ಅದರ ಫೋಟೋ ತೆಗೆದರು, ನದಿಯ ಫೋಟೋ ತೆಗೆಯಲಿಲ್ಲ.

ಈಗ ಊಟ. ಅತಿ ಜಾಸ್ತಿ ತಲೆಕೆಡಿಸಿಕೊಂಡಿದ್ದು ರಾಗಿ ಸರಿ ವಿಷಯಕ್ಕೆ. ಮೊಳಕೆ ಕಟ್ಟಿ, ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಪುಡಿ ಅಮ್ಮ ಮಾಡಿಕೊಡ್ತಾರೆ. ಬೇರೆ ಯಾವ ಡಬ್ಬದ ಪುಡಿಯೂ ಅವಳ ಬಾಯಿಗೆ ಹಿಡಿಸಲ್ಲ. ಮನೆಯಲ್ಲೇ ಕಾಯಿಸಿ ಫ್ಲಾಸ್ಕಲ್ಲಿ ತುಂಬಿ ನೋಡಿದೆ. ನಾಲ್ಕೈದು ಗಂಟೆಗೆ ನೀರು ಬಿಟ್ಟುಕೊಂಡು ಹುಳಿ ವಾಸನೆ. ಪುಡಿಯನ್ನು ಚೆನ್ನಾಗಿ ಹುರಿದು ಬಿಸಿನೀರಲ್ಲಿ ಕಲಸಿ ನೋಡಿದೆ. ಎರಡು ಚಮಚಕ್ಕೇ ಮುಖ ತಿರುಗಿಸಿದಳು, ಅದೂ ಅಲ್ಲದೆ ರಾಗಿ ಪೂರ್ತಿ ಬೇಯದೆ ಹೊಟ್ಟೆಗೆ ಒಳ್ಳೇದಲ್ಲ. ಹೋಟೆಲ್ ರೂಮಿನ ಕೆಟಲ್‌ನಲ್ಲಿ ಮಗು ಊಟ ಮಾಡಬಾರದು, ಹಿಂದಿನವರು ಅದರಲ್ಲಿ ಏನು ಕಾಯಿಸಿದ್ದಾರೋ. ಕೊನೆಗೆ ಅರ್ಧ ಲೀಟರಿನ ಸಣ್ಣ ಕರೆಂಟ್ ಕುಕ್ಕರ್ ತಗೊಂಡೆ, ಸಾವಿರದ ನಾನೂರು ಇರಬೇಕು. ಹೊರಡೋ ಮುಂಚಿನ ವಾರ ಪೂರ್ತಿ ಮನೆಯಲ್ಲೂ ಅದರಲ್ಲೇ ಮಾಡಿದೆ. ಯಾಕಂದರೆ ಪಾತ್ರೆ ಬದಲಾದರೆ ರುಚಿ ಬದಲಾಗುತ್ತದೆ, ಅವಳಿಗೆ ಅದು ಗೊತ್ತಾಗುತ್ತದೆ. ನಂಬಿ, ಗೊತ್ತಾಗುತ್ತದೆ.

ಅದೇ ಕುಕ್ಕರಲ್ಲಿ ಹೆಸರುಬೇಳೆ ಅನ್ನ, ಕ್ಯಾರೆಟ್, ಒಂದು ಸಲ ನಂಜನಗೂಡು ರಸಬಾಳೆ ಬೇಯಿಸಿ ನೋಡಿದೆ. ರಸಬಾಳೆ ಬೇಯಿಸಬಾರದು. ಹಾಗೇ ಕಿವುಚಿ ಕೊಟ್ಟರೆ ಬಟ್ಟಲು ನೆಕ್ಕುತ್ತಾಳೆ, ಬೇಯಿಸಿದರೆ ಘಮ ಹೋಗಿ ಅಂಟಾಗುತ್ತದೆ.

ರೂಮು. ಅರಮನೆ ಹತ್ತಿರದ ದೊಡ್ಡ ಗಡಿಯಾರದ ಗೋಪುರದಿಂದ ನಡೆದು ಹೋಗೋ ದೂರದಲ್ಲಿ ತಗೊಂಡೆವು. ನೋಡಬೇಕಾದ್ದೆಲ್ಲ ಕಾಲಳತೆಯಲ್ಲಿ ಇದ್ದರೆ ನಿದ್ದೆಗೆ ವಾಪಸ್ ಬರೋಕೆ ಹತ್ತು ನಿಮಿಷ ಸಾಕು. ನಾನು ಕೇಳಿದ್ದು ಮೂರು: ರಸ್ತೆ ಕಡೆ ಬೇಡ, ಹಿಂಬದಿ ಇರಲಿ. ಬಾಲ್ಕನಿ ಬೇಕೇ ಬೇಕು. ಹನ್ನೆರಡೂವರೆಗೆ ರೂಮು ಕೈಗೆ ಸಿಗಬೇಕು. ರಾತ್ರಿಗೆ ಮೂರು ಸಾವಿರದ ಇನ್ನೂರರ ಆಸುಪಾಸು. ಬಾಡಿಗೆ ಅದಕ್ಕಿಂತ ಜಾಸ್ತಿಯೇ ಹೇಳಿದ್ದರು, ಫೋನಲ್ಲಿ ನಾನು ಮಾತಾಡಿದ ರೀತಿಗೆ ಇಳಿಸಿದರು, ರೂಮನ್ನೂ ಬೇಗ ಕೊಟ್ಟರು. ಅದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ, ಇನ್ನೂ ಎರಡು ಊರಲ್ಲಿ ನನಗದು ಬೇಕು.

ಒಳಗೆ ಹೋದ ತಕ್ಷಣ ಮಾಡಿದ್ದು ಹಾಸಿಗೆ ನೆಲಕ್ಕೆ ಇಳಿಸಿದ್ದು. ಅಂಬೆಗಾಲಿಡೋ ಮಗು ಹೋಟೆಲ್ ಮಂಚದ ಮೇಲೆ ಮಲಗಿದರೆ ತಾಯಿಗೆ ನಿದ್ದೆ ಬರುತ್ತದಾ? ಗೋಡೆ ಪಕ್ಕದಲ್ಲಿ ಹಾಸಿ, ಮೇಲೆ ಮನೆಯಿಂದ ತಂದ ಕೌದಿ. ಅಜ್ಜಿಯ ಹಳೇ ಸೀರೆಗಳಿಂದ ಹೊಲಿದದ್ದು, ಅವಳು ಹುಟ್ಟಿದಾಗಿಂದ ಅದರ ಮೇಲೇ ಮಲಗೋದು. ತೊಳೆಯದೇ ತನ್ನಿ, ವಾಸನೆ ಮುಖ್ಯ. ಕೆಳಗಿನ ಪ್ಲಗ್ ಪಾಯಿಂಟುಗಳಿಗೆಲ್ಲ ಅಗಲದ ಟೇಪು ಅಂಟಿಸಿದೆ. ಕಿಟಕಿಗೆ ಕಪ್ಪು ಬೆಡ್‌ಶೀಟು, ಬಟ್ಟೆ ಕ್ಲಿಪ್ಪಲ್ಲಿ. ಮಧ್ಯಾಹ್ನ ಎರಡು ಗಂಟೆಗೂ ಒಳಗೆ ಕತ್ತಲು.

ಇಲ್ಲೊಂದು ಪ್ರಯೋಗ ಹೇಳಲೇಬೇಕು. ನಮ್ಮ ಮನೆಯ ಸೀಲಿಂಗ್ ಫ್ಯಾನು ಹಳೇದು, ಟಕ್ ಟಕ್ ಅಂತ ಸದ್ದು ಮಾಡುತ್ತದೆ. ರೆಸಾರ್ಟಲ್ಲಿ ಎಸಿ ಇತ್ತು, ಸದ್ದೇ ಇರಲಿಲ್ಲ, ಹಾಗಾಗಿ ಸಣ್ಣ ಮಾತಿಗೂ ಎಚ್ಚರ ಆಗ್ತಿದ್ದಳು ಅಂತ ನನ್ನ ಅನುಮಾನ. ಫ್ಯಾನಿನ ಸದ್ದನ್ನು ಒಂದು ಗಂಟೆ ಫೋನಲ್ಲಿ ರೆಕಾರ್ಡ್ ಮಾಡಿದೆ. ಮೈಸೂರಲ್ಲಿ ಕೋಣೆಯ ಆ ಮೂಲೆಯಲ್ಲಿ ಫೋನಿಟ್ಟು ಮೆಲ್ಲಗೆ ಹಾಕಿದೆ. ಇವರಿಗೆ ನಂಬಿಕೆ ಇರಲಿಲ್ಲ. ಮೊದಲ ರಾತ್ರಿ ಹಾಕಿದೆವು, ಎಂಟರಿಂದ ಎರಡರವರೆಗೆ ಮಿಸುಕಲಿಲ್ಲ. ಎರಡನೇ ರಾತ್ರಿ ಇವರ ಒತ್ತಾಯಕ್ಕೆ ಹಾಕದೆ ನೋಡಿದೆವು, ಒಂಬತ್ತೂವರೆಗೆ ಎದ್ದು ಕೂತಳು. ಹಾಕಿದೆ, ಮಲಗಿದಳು. ಈಗ ಆ ರೆಕಾರ್ಡಿಂಗ್ ಇವರ ಫೋನಲ್ಲೂ ಇದೆ.

ದಿನ ಹೀಗೆ ಹಂಚಿಕೊಂಡೆವು. ಬೆಳಗ್ಗೆ ಒಂದು ತಿರುಗಾಟ, ಸಂಜೆ ಒಂದು. ಅವಳ ಬೆಳಗಿನ ನಿದ್ದೆ ಹೊತ್ತಲ್ಲಿ ಒಬ್ಬರಿಗೆ ರಜೆ, ಮಧ್ಯಾಹ್ನದ ನಿದ್ದೆಗೆ ಇನ್ನೊಬ್ಬರಿಗೆ. ರಾತ್ರಿ ಎಂಟರ ಮೇಲೆ ನಮ್ಮಿಬ್ಬರದು.

ಭಾನುವಾರ ಬೆಳಗ್ಗೆ ನಜರ್‌ಬಾದಿನ ಮೈಲಾರಿ ಹೋಟೆಲಿಗೆ ಬೇಗ ಹೋದೆವು, ಸಾಲು ಶುರುವಾಗೋ ಮುಂಚೆ. ಮೆತ್ತಗಿನ ದೋಸೆ, ಬೆಣ್ಣೆ. ಪುಟ್ಟಿಗೆ ಇಡ್ಲಿ ಚೂರು. ರೂಮಿಗೆ ಬಂದು ಎಣ್ಣೆ ಹಚ್ಚಿ ಸ್ನಾನ, ಸರಿ, ನಿದ್ದೆ. ಇವರು ಅವಳ ಜೊತೆ ಉಳಿದರು, ನಾನು ಒಬ್ಬಳೇ ದೇವರಾಜ ಮಾರ್ಕೆಟ್ಟಿಗೆ. ಎಷ್ಟೋ ತಿಂಗಳಾದಮೇಲೆ ಕೈಯಲ್ಲಿ ಏನೂ ಇಲ್ಲದೆ ನಡೆದೆ. ಕುಂಕುಮದ ರಾಶಿ, ಬಾಳೆಗೊನೆಗಳ ಓಣಿ, ಹೂವಿನ ಸಾಲು. ಮಲ್ಲಿಗೆ ಮೊಳಕ್ಕೆ ಎಷ್ಟು ಕೇಳಿದರೋ ಅಷ್ಟೇ ಕೊಟ್ಟೆ, ಚೌಕಾಸಿ ಮಾಡಲಿಲ್ಲ. ಗುರು ಸ್ವೀಟ್ಸಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡೆ. ಮಧ್ಯಾಹ್ನ ಇವರ ಸರದಿ, ಕುಕ್ಕರಹಳ್ಳಿ ಕೆರೆ ಸುತ್ತಿ ಬಂದರು. "ಒಬ್ಬನೇ ನಡೆದು ಎಷ್ಟು ದಿನ ಆಗಿತ್ತು" ಅಂದರು. ಆನಿವರ್ಸರಿ ದಿನ ಗಂಡ ಹೆಂಡತಿ ಬೇರೆ ಬೇರೆ ತಿರುಗೋದಾ ಅಂತ ಅತ್ತೆ ಫೋನಲ್ಲಿ ಕೇಳಿದರು. ಆ ಒಂದೊಂದು ಗಂಟೆ ಸಿಕ್ಕಿದ್ದಕ್ಕೇ ರಾತ್ರಿ ಇಬ್ಬರಿಗೂ ಮಾತಾಡೋ ಮನಸ್ಸಿತ್ತು ಅನ್ನೋದು ನನ್ನ ಖಂಡಿತ ಅಭಿಪ್ರಾಯ.

ಶನಿವಾರ ಸಂಜೆ ಹೋಗಿದ್ದು ರೈಲ್ವೆ ಮ್ಯೂಸಿಯಂ. ಚಿಕ್ಕ ಮಗುವಿಗೆ ಮೈಸೂರಲ್ಲಿ ಇದಕ್ಕಿಂತ ಒಳ್ಳೆ ಜಾಗ ನಾನು ಕಾಣೆ. ಸ್ಟೇಷನ್ ಹತ್ತಿರವೇ, 1979ರಿಂದ ಇದೆ. ಹಳೇ ಇಂಜಿನ್‌ಗಳು ಬಯಲಲ್ಲೇ ನಿಂತಿವೆ, ಮಹಾರಾಣಿಯವರ ಸಲೂನ್ ಬೋಗಿ ಇದೆ. ಹುಲ್ಲಿನ ಮೇಲೆ ಬಿಟ್ಟೆವು, ಅಂಬೆಗಾಲಲ್ಲಿ ಕಬ್ಬಿಣದ ಚಕ್ರದ ತನಕ ಹೋಗಿ ತಟ್ಟಿ ತಟ್ಟಿ ನೋಡಿದಳು. ಝೂ ಬಿಟ್ಟೆವು. ಅದು ದೊಡ್ಡದು, ಪೂರ್ತಿ ಸುತ್ತೋಕೆ ಗಂಟೆಗಟ್ಟಲೆ ನಡೀಬೇಕು, ನಿದ್ದೆ ಹೊತ್ತು ನಡುದಾರಿಯಲ್ಲೇ ಬರುತ್ತದೆ. ಮಂಗಳವಾರ ರಜಾ ಅನ್ನೋದೂ ನೆನಪಿರಲಿ.

ತಳ್ಳೋ ಗಾಡಿ ತಗೊಂಡು ಹೋಗಲಿಲ್ಲ. ಮನೆಯಲ್ಲಿ ಇದೆ, ಏಳು ಸಾವಿರದ್ದು. ನಮ್ಮ ಫುಟ್‌ಪಾತಲ್ಲಿ ತಳ್ಳಿ ನೋಡಿಯಾಗಿದೆ, ಹತ್ತು ಹೆಜ್ಜೆಗೊಂದು ಸಲ ಎತ್ತಿ ಇಳಿಸಬೇಕು. ಎದೆಗೆ ಕಟ್ಟೋ ಬ್ಯಾಗೂ ಬಿಸಿಲಲ್ಲಿ ಬೆವರು. ಇವರು ಹೆಗಲ ಮೇಲಿಂದ ಓರೆಯಾಗಿ ಅಮ್ಮನ ಹಳೇ ಕಾಟನ್ ಸೀರೆ ಕಟ್ಟಿಕೊಂಡರು. ಆ ಗಂಟು ನಮ್ಮ ಅಜ್ಜಿಯದು. ಬರೆದು ಹೇಳಿದರೆ ತಪ್ಪು ಕಟ್ಟಿ ಮಗು ಜಾರೀತು, ಮನೆಗೆ ಬಂದರೆ ಕಟ್ಟಿ ತೋರಿಸ್ತೀನಿ.

ಅರಮನೆ ದೀಪ. ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ ಏಳಕ್ಕೆ ಹಚ್ಚುತ್ತಾರೆ, ಅದಕ್ಕಾಗಿಯೇ ಭಾನುವಾರ ನಡುವೆ ಬರೋ ಹಾಗೆ ಪ್ಲಾನ್ ಮಾಡಿದ್ದು. ಅವಳ ಮಲಗೋ ಹೊತ್ತು ಎಂಟು. ಎಲ್ಲ ಹೊಂದಿತು. ಆರೂವರೆಗೇ ಸರಿ ತಿನ್ನಿಸಿ, ಮೈ ಒರೆಸಿ, ರಾತ್ರಿ ಬಟ್ಟೆಯನ್ನೇ ಹಾಕಿ, ಕುಲಾವಿ ಕಟ್ಟಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು ಹೊರಟೆವು. ಜನ ಜಾಸ್ತಿ ಇರೋ ಮುಂಭಾಗಕ್ಕೆ ಹೋಗದೆ ಉತ್ತರದ ಕಡೆ, ಕೋಟೆ ಆಂಜನೇಯ ದೇವಸ್ಥಾನದ ಹತ್ತಿರದಿಂದ ಒಳಗೆ ಹೋಗಿ ಒಂದು ಪಕ್ಕಕ್ಕೆ ನಿಂತೆವು. ಸುಮಾರು ಒಂದು ಲಕ್ಷ ಬಲ್ಬು, ಒಂದೇ ಸಲ. ಜನ "ಓ" ಅಂದರು. ನಾನು ಅರಮನೆ ನೋಡಲೇ ಇಲ್ಲ. ಪುಟ್ಟಿ ಬಾಯಿ ತೆರೆದಳು, ಕೆಳಗಿನ ಎರಡು ಹಲ್ಲು ಕಂಡವು, ಅಪ್ಪನ ಕಿವಿ ಗಟ್ಟಿಯಾಗಿ ಹಿಡಿದುಕೊಂಡಳು, ಕಣ್ಣು ಮಿಟುಕಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ನೋಡಿದಳು, ನಾನೂ ನೋಡಿದೆನಾ ಅಂತ ಕೇಳೋ ಹಾಗೆ. ಇವರು "ಹ್ಯಾಪಿ ಆನಿವರ್ಸರಿ ಕಣೇ" ಅಂದರು. ಇಪ್ಪತ್ತು ನಿಮಿಷ ನಿಂತೆವು. ವಾಪಸ್ ನಡೆಯುವಾಗ ಸೀರೆಯೊಳಗೇ ಮಲಗಿದಳು. ರಾತ್ರಿ ಬಟ್ಟೆ ಮೊದಲೇ ಹಾಕಿದ್ದರಿಂದ ಎಬ್ಬಿಸದೆ ಹಾಗೇ ಕೌದಿ ಮೇಲೆ ಇಳಿಸಿದೆ.

ಎಂಟೂಕಾಲಿಗೆ ಬಾಲ್ಕನಿಯಲ್ಲಿ ಎರಡು ಕುರ್ಚಿ, ಒಂದು ಸ್ಟೂಲು. ಪಾರ್ಸೆಲ್ ತಂದ ಊಟ, ಮೈಸೂರು ಪಾಕ್. ಬಾಗಿಲು ಅರ್ಧ ತೆರೆದಿತ್ತು. ಊಟ ಬಿಸಿ ಇರುವಾಗಲೇ ತಿಂದು ಮುಗಿಸಿದೆವು, ಇಬ್ಬರೂ ಒಟ್ಟಿಗೆ. ಹನ್ನೊಂದು ಗಂಟೆವರೆಗೆ ಮಾತು. ಮದುವೆ ದಿನದ್ದು, ಹೆರಿಗೆ ದಿನ ಇವರು ಎಷ್ಟು ಹೆದರಿದ್ದರು ಅನ್ನೋದು. ಅದನ್ನು ಇವರು ಇದಕ್ಕೆ ಮುಂಚೆ ಹೇಳಿರಲಿಲ್ಲ.

ಸೋಮವಾರ ಬೆಳಗ್ಗೆ ಆಟೋದಲ್ಲಿ ಚಾಮುಂಡಿ ಬೆಟ್ಟ. ಮಂಗಳವಾರ, ಶುಕ್ರವಾರ ಆಗಿದ್ದರೆ ಸಾಲು ಉದ್ದ. ಬೇಗ ದರ್ಶನ ಆಯಿತು, ಬರುವಾಗ ನಂದಿ ಹತ್ತಿರ ಐದು ನಿಮಿಷ. ಆಟೋ ಬೇಡ ಅಂದರೆ ಸಿಟಿ ಬಸ್ ಸ್ಟ್ಯಾಂಡಿಂದ 201ನೇ ನಂಬರ್ ಬಸ್ಸಿದೆ. ಮಧ್ಯಾಹ್ನದ ಗಾಡಿಗೆ ಬಂದೆವು, ಅವಳ ಎರಡನೇ ನಿದ್ದೆ ಅದರಲ್ಲೇ.

ಖರ್ಚು, ನೆನಪಿದ್ದ ಹಾಗೆ: ಟ್ರೈನು ಮೂರು ಸೀಟಿಗೆ ಹೋಗಿ ಬರೋದು ಮೂರು ಸಾವಿರದ ಹತ್ತಿರ. ರೂಮು ಆರೂವರೆ ಸಾವಿರ. ಊಟ ತಿಂಡಿ ಎರಡೂವರೆ. ಆಟೋ ಸಾವಿರದ ಇನ್ನೂರು. ಹೂವು, ಸ್ವೀಟು, ಟಿಕೆಟ್ಟು ಸೇರಿ ಇನ್ನೊಂದು ಸಾವಿರ. ಒಟ್ಟು ಹದಿನಾಲ್ಕು ಸಾವಿರ ಚಿಲ್ಲರೆ. ಕುಕ್ಕರ್ ಬೇರೆ, ಅದು ಮನೆಯಲ್ಲೂ ಉಪಯೋಗಕ್ಕೆ ಬರ್ತಿದೆ. ಕಾರು ಮತ್ತು ರೆಸಾರ್ಟಿಗೆ ಸುಮ್ನೆ ಹೋದ ದುಡ್ಡು ಇದರ ಮೂರರಲ್ಲಿ ಎರಡು ಭಾಗವಾದರೂ ಇರಬೇಕು.

ಮುಂದಿನದು ಮಂಗಳೂರು. ಹಗಲು ಗಾಡಿಯಲ್ಲಿ, ಸಕಲೇಶಪುರದ ಘಾಟಿ ನೋಡ್ಕೊಂಡು. ಪ್ರಯಾಣ ಉದ್ದ, ಎರಡು ನಿದ್ದೆ ರೈಲಲ್ಲೇ ಆಗಬೇಕು. ಆ ಹೊತ್ತಿಗೆ ಅವಳು ನಡೆಯೋಕೆ ಶುರು ಮಾಡಿರ್ತಾಳೆ, ಸೀಟಲ್ಲಿ ಕೂರಲ್ಲ. ನೋಟ್‌ಬುಕ್ ಮತ್ತೆ ಶುರು ಮಾಡಿದ್ದೇನೆ. ನಾದಿನಿ ತಾನೂ ಬರ್ತೀನಿ ಅಂದಿದ್ದಾಳೆ, ಅವಳ ಮಗನಿಗೆ ಈಗ ನಾಲ್ಕು ತಿಂಗಳು. ಅವನ ನಿದ್ದೆ ಹೊತ್ತೂ ಬರೆದಿಡು ಅಂತ ಹೇಳಿದ್ದೇನೆ.